ಕಣ್ಣಳತೆಯಲ್ಲಿ ಆರಿಸಿದ ಟೆನ್ಷನರ್

ಚೆಲುವ, ನೀನು ಓಡಿಸುತ್ತಿದ್ದ ಆ ಲಾರಿಯ ಎಂಜಿನ್ ಸೀಜ್ ಆದದ್ದು ನಿನ್ನ ತಪ್ಪಿನಿಂದಲ್ಲ. ನನ್ನಿಂದ. ಒಂಬತ್ತು ವರ್ಷ ಈ ಮಾತನ್ನು ಬಾಯೊಳಗೇ ಇಟ್ಟುಕೊಂಡು ನಿನ್ನೆದುರು ಕೂತು ಟೀ ಕುಡಿದಿದ್ದೇನೆ — ಅದೂ ನೀನು ತರಿಸಿಕೊಟ್ಟ ಟೀ.

ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಸವೆದಿತ್ತು, ಕೆ.ಆರ್. ಪೇಟೆಯ ನನ್ನ ಗ್ಯಾರೇಜಿನಲ್ಲಿ ಹೊಸದು ಹಾಕಿಕೊಟ್ಟೆ — ನಿನಗೆ ಗೊತ್ತಿರುವುದು ಇಷ್ಟೇ. ಹೇಗೆ ಆರಿಸಿದೆ ಎಂಬುದು ಗೊತ್ತಿಲ್ಲ. ಸ್ಪೇರ್ ಪಾರ್ಟ್ಸ್ ಅಂಗಡಿಯವನು, "ಎಂಜಿನ್ ನಂಬರ್ ಏಳಿ, ನೋಡ್ಕೊಡ್ತೀನಿ. ನೋಡಕ್ಕೆಲ್ಲಾ ಒಂದೇ ತರ ಇರ್ತವೆ" ಅಂದ.

"ನನ್ ಕಣ್ಣಿಗಿಂತ ನಿನ್ ನಂಬರ್ ದೊಡ್ದೇನಯ್ಯಾ?" ಅಂದೆ. ಹಳೆಯದರ ಪಕ್ಕ ಇಟ್ಟು ನೋಡಿ ಒಂದನ್ನು ಎತ್ತಿಕೊಂಡು ಬಂದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಿದ್ದಳು ನಮ್ಮಜ್ಜಿ. ಅಜ್ಜಿಗೆ ಲಾರಿ ಗೊತ್ತಿರಲಿಲ್ಲ, ನನ್ನಂಥವರು ಗೊತ್ತಿದ್ದರು.

ಬೋಲ್ಟಿನ ತೂತು ಸರಿಯಾಗಿ ಕೂತಿತು. ಬೆಲ್ಟು ಹಾಯುವ ರಾಟೆ ಮಾತ್ರ ನಾಣ್ಯದ ದಪ್ಪದಷ್ಟು ಒಳಕ್ಕೆ. ಆಗಲೇ ಬಿಚ್ಚಿ ವಾಪಸು ಒಯ್ಯಬಹುದಿತ್ತು — ಅಂಗಡಿಯವನು ನಗುತ್ತಾನಲ್ಲ ಅನ್ನಿಸಿತು. ಹಿಂದೆ ಒಂದು ವಾಷರ್ ತುರುಕಿ ಬಿಗಿದುಬಿಟ್ಟೆ.

ಮೂರನೇ ದಿನ ನೀನು ಬಂದೆ. "ಬೆಲ್ಟು ಕಿರುಗುಟ್ತದೆ ಕಣಣ್ಣ. ಒಂದ್ಸಲ ನೋಡ್ರಣ್ಣ."

"ಹೊಸ ಸೊಸೆ ಕಣ್ಲಾ, ನಾಕ್ ದಿನ ರಾಗ ಎಳೀತಾಳೆ. ನಿನ್ ಎಂಡ್ರು ಎಳೀನಿಲ್ವಾ?"

ಇದ್ದವರೆಲ್ಲ ನಕ್ಕರು. ನೀನೂ ನಕ್ಕು, "ನೀವೇಳುದ್ ಮ್ಯಾಲೆ ಮುಗೀತ್ ಬುಡಿ" ಅಂದು ಹೊರಟೆ. ನಾನು ಕ್ಯಾಬಿನ್ ಎತ್ತಿ ನೋಡಲಿಲ್ಲ. ನೋಡಿದರೆ ಓರೆಯಾಗಿ ಕೂತ ರಾಟೆ, ಅಂಚು ಸವೆದ ಬೆಲ್ಟು ಕಾಣುತ್ತದೆಂದು ಗೊತ್ತಿತ್ತು.

ಮರುದಿನ ನೀನು ಪಾಂಡವಪುರದ ಕಡೆಗೆ ಕಬ್ಬು ಹೇರಿಕೊಂಡು ಹೊರಟವನು ಶೀಳನೆರೆ ಹತ್ತಿರ ನಿಂತೆ. ಬೆಲ್ಟು ಅಂಚು ಹರಿದು ಕಳಚಿ, ನೀರಿನ ಪಂಪು ನಿಂತು, ಎಂಜಿನ್ ಕಾದು ಹಿಡಿದುಕೊಂಡಿತ್ತು. ಸುದ್ದಿ ಕೇಳಿ ನಾನು ಬಂದೆ. ನೀನು ಕೊಡ ಹಿಡಿದು ನೀರಿಗೆ ಹೋದಾಗ ಆ ವಾಷರ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಆಮೇಲೆ ಲಾರಿ ಯಜಮಾನರು ಬಂದರು. ಅವರು ಕೇಳಿದ್ದು ನಿನ್ನನ್ನಲ್ಲ, ನನ್ನನ್ನು. ಗಾಡಿ ಕೆಟ್ಟರೆ ನಮ್ಮ ಕಡೆ ಮೆಕ್ಯಾನಿಕ್ಕಿನ ಮಾತೇ ತೀರ್ಪು.

"ಬೆಲ್ಟು ಯಾರ್ದಾರೂ ಅರೀತದೆ, ಯಜಮಾನ್ರೆ. ಹೀಟಿನ ಮುಳ್ಳು ಮ್ಯಾಕೋಗಿದ್ದುನ್ನ ಇವ್ನು ನೋಡ್ಬೇಕಿತ್ತು. ಏನ್ಲಾ ಚೆಲುವ, ನಿದ್ದೆ ಮಾಡ್ತಿದ್ಯಾ?"

ನೀನು ತಿರುಗಿಬೀಳಬಹುದಿತ್ತು. ನಿನ್ನೆಯೇ ತೋರಿಸಲು ಬಂದಿದ್ದೆನಲ್ಲ ಅನ್ನಬಹುದಿತ್ತು. ನೀನು ನನ್ನ ಮುಖವನ್ನೇ ನೋಡಿದೆ. "ಇರ್ಬೋದೇನೋ ಅಣ್ಣ... ನಾನ್ ನೋಡ್ನೇ ಇಲ್ವೇನೋ."

ಅಲ್ಲೇ ಕೀಲಿ ಕಿತ್ತುಕೊಂಡರು. ಸುತ್ತಿನ ಯಾವ ಮಾಲೀಕನೂ ಮತ್ತೆ ನಿನಗೆ ಗಾಡಿ ಕೊಡಲಿಲ್ಲ.

ಹೋದ ವಾರ ನೀನು ಮೂಟೆ ಹೊರುವ ಬೂಸಾ ಅಂಗಡಿಗೆ ನಾನು ಬಂದಿದ್ದೆ. ಬಾಗಿಲಿಗೆ ಲಾರಿ ಅಡ್ಡ ನಿಂತಿತ್ತು. ಅಂಗಡಿಯವರು ನಿನಗೆ, ಒಂದಿಷ್ಟು ಹಿಂದಕ್ಕೆ ತೆಗಿ ಅಂದರು. "ಬ್ಯಾಡಿ ಸ್ವಾಮಿ, ನನ್ ಕೈಗ್ ಗಾಡಿ ಕೊಡ್ಬ್ಯಾಡಿ" ಅಂದೆ ನೀನು. ನಗುತ್ತಲೇ ಅಂದೆ. ನಾನು ಹಿಂಡಿ ಕೊಂಡು ಮನೆಗೆ ಬಂದೆ.

ನಾಳೆ ಬೆಳಿಗ್ಗೆ ಯಜಮಾನರ ಮನೆಗೆ ಹೋಗಿ ಹೇಳುತ್ತೇನೆ, ಅಲ್ಲಿಂದ ನೇರ ನಿನ್ನ ಬಳಿಗೆ, ಈಗ ಮನಸ್ಸಿನಲ್ಲಿ ಹೇಳಿಕೊಂಡದ್ದನ್ನೆಲ್ಲ ನಿನ್ನೆದುರು ಹೇಳಲು. ಅವರು ನಂಬುತ್ತಾರೆ, ಉಗಿಯುತ್ತಾರೆ. ನನಗೆ ಭಯ ನಿನ್ನದೇ. ನನ್ನ ಸುಳ್ಳನ್ನು ಅಷ್ಟು ಪೂರ್ತಿಯಾಗಿ ನಂಬಿದವನು ನೀನು — ನನ್ ಮ್ಯಾಲೆ ಪಾಪ ಅಂತ ಅಣ್ಣ ಇಂಗೇಳ್ತಾವ್ರೆ ಅಂದುಕೊಂಡುಬಿಟ್ಟರೆ?

ಆಗ ಇನ್ನೊಂದು ಸಲ ಹೇಳುತ್ತೇನೆ. ನಿನಗೆ ನನ್ನ ಮೇಲೆ ಸಿಟ್ಟು ಬರುವವರೆಗೂ ಹೇಳುತ್ತೇನೆ.