ತವುಡಿಗೆ ಕೊಂಡ ಕೂಸು

ತನ್ನನ್ನು ತಿಪ್ಪೆಗೆ ಎಸೆದರೆಂದು ನಂಬಿಯೇ ದೂರದೇಶದ ಆ ಹೆಂಗಸು ನಲವತ್ತು ವರ್ಷ ಉಂಡು ಮಲಗಿ ಎದ್ದಿದ್ದಾಳಲ್ಲ ಎಂಬ ಕೊರಗು ಪುಟ್ಟನಂಜಮ್ಮನನ್ನು ನಾಲ್ಕು ದಿನದಿಂದ ಬಿಟ್ಟಿರಲಿಲ್ಲ. ಮೊಮ್ಮಗುವಿಗೆ ರಾಗಿ ಸರಿ ತಿನ್ನಿಸುವಾಗಲೂ ಕೈ ನಡುವೆಯೇ ನಿಂತುಬಿಡುತ್ತಿತ್ತು.

ನಾಲ್ಕು ದಿನದ ಹಿಂದೆ ಬೆಟ್ಟದ ಮೇಲಿನ ಗೆಟ್ಟವಾಡಿಗೆ ಕ್ಯಾಮೆರಾ ಹಿಡಿದು ಮಿನ್ಹಿ ಬಂದಿದ್ದಳು. ಕೊರಿಯಾದಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಡೆನ್ಮಾರ್ಕಿಗೆ ದತ್ತು ಹೋದವಳು. ತನ್ನ ಹಾಗೆ ದೇಶ ದಾಟಿಸಿದ ಮಕ್ಕಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಅವಳ ಮಾತನ್ನು ಮೈಸೂರಿನ ಭಾನುಪ್ರಿಯಾ ಎಂಬ ಹುಡುಗಿ ಕನ್ನಡದಲ್ಲಿ ಹೇಳುತ್ತಿದ್ದಳು.

"ನನ್ನ ದತ್ತು ಕಾಗದದಲ್ಲಿ ಅನಾಥೆ ಅಂತ ಬರೆದಿದ್ರು. ತಾಯಿ ಇದ್ಲು. ನಾನು ಹುಡುಕ್ಕೊಂಡು ಹೋಗೋ ಎರಡು ವರ್ಷ ಮುಂಚೆ ತೀರಿಕೊಂಡಿದ್ಲು."

ಆಮೇಲೆ ಮಿನ್ಹಿ ತನ್ನ ಗೆಳತಿಯ ಕಾಗದ ಮುಂದಿಟ್ಟಳು. ಆ ಗೆಳತಿ ಈ ಬೆಟ್ಟದ ಕೂಸು. ಬರುವ ಧೈರ್ಯ ಸಾಲದೆ ಡೆನ್ಮಾರ್ಕಿನಲ್ಲೇ ಕಾಯುತ್ತಿದ್ದಳು. 'ತಿಪ್ಪೆಯಲ್ಲಿ ಬಿಸಾಡಿದ್ದ ಹೆಣ್ಣುಮಗು. ತಂದವರು: ಆಯಾ ಪುಟ್ಟನಂಜಮ್ಮ.' ಕೆಳಗೆ ಹೆಬ್ಬೆಟ್ಟು.

"ನನ್ಗೆ ಗ್ಯಾಪ್ಕ ಇಲ್ಲ ಕಣವ್ವ," ಅಂದುಬಿಟ್ಟಿದ್ದಳು ಪುಟ್ಟನಂಜಮ್ಮ.

ಜ್ಞಾಪಕ ಇಲ್ಲದೆ ಏನು. ಪಕ್ಕದ ಬೀದಿಯ ಸಣ್ಣಮ್ಮನಿಗೆ ಮೂರು ಕೂಸು ಹುಟ್ಟಿ ಮಣ್ಣು ಸೇರಿದ್ದವು. ನಾಲ್ಕನೆಯದನ್ನು ಊರಿನ ರೂಢಿಯಂತೆ ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟರು. ಪುಟ್ಟನಂಜಮ್ಮ ದಾರಿಹೋಕಳಂತೆ ಬಂದು ಒಂದು ಸೇರು ತವುಡು ಕೊಟ್ಟು ಕೊಂಡಳು. ಕೊಂಡ ಕೂಸು ಹೆತ್ತವಳದಲ್ಲ, ಸಾವಿಗೆ ಅದರ ಗುರುತು ಸಿಗುವುದಿಲ್ಲ ಎಂದು ನಂಬಿಕೆ. ಸಾಕಲು ಹೆತ್ತವಳ ಕೈಗೇ ಕೊಟ್ಟರೂ, ವರ್ಷ ತುಂಬುವ ತನಕ ಯಾರು ಕೇಳಿದರೂ ಹೆತ್ತವಳ ಹೆಸರು ಎತ್ತಬಾರದು.

ಎರಡೇ ತಿಂಗಳಿಗೆ ಕೂಸಿಗೆ ಭೇದಿ ಹತ್ತಿತು. ಪುಟ್ಟನಂಜಮ್ಮ ಆಗ ಘಟ್ಟದ ಕೆಳಗಿನ ಒಂದು ಅನಾಥಾಲಯದಲ್ಲಿ ಆಯಾ. ಅಲ್ಲಿಗೆ ಡಾಕ್ಟರು ಬರುತ್ತಾರೆಂದು ಕೂಸನ್ನು ಎತ್ತಿಕೊಂಡು ಹೋದಳು. ಎಲ್ಲಿಂದ ತಂದೆ ಎಂದು ಗುಮಾಸ್ತ ಕೇಳಿದಾಗ, "ತಿಪ್ಪೇಲಿ ಸಿಕ್ತು ಸಾಮಿ," ಅಂದಳು. ಕೂಸು ಉಳಿಯಲಿ ಎಂದು ಅಂದ ಮಾತನ್ನು ಅವನು ಹಾಗೇ ಬರೆದುಕೊಂಡ. ಕೂಸು ಚೇತರಿಸಿಕೊಂಡಿತು. ಇನ್ನೊಂದಿಷ್ಟು ಮೈಗೂಡಲಿ ಎಂದು ಅಲ್ಲೇ ಬಿಟ್ಟು, ರಾಗಿ ಕೊಯ್ಲಿಗೆ ಊರಿಗೆ ಬಂದಳು. ಮರಳಿ ಹೋದಾಗ ತೊಟ್ಟಿಲು ಖಾಲಿ. ಯಾವುದೋ ದೇಶಕ್ಕೆ ಕಳಿಸಿದೆವು ಎಂದರು.

ಅದನ್ನು ಹೇಳಲಾರದೆ ಸಣ್ಣಮ್ಮನಿಗೆ, "ತೀರೋಗ್ಬುಡ್ತು ಕಣವ್ವ," ಅಂದಳು. ಮೂರನ್ನು ಕಳೆದುಕೊಂಡವಳು ನಾಲ್ಕನೆಯದನ್ನೂ ನಂಬಿದಳು. ಎಲ್ಲಿ ಹೂತಿರಿ ಎಂದು ಕೂಡ ಕೇಳಲಿಲ್ಲ. ಹೋದ ವರ್ಷ ಸಣ್ಣಮ್ಮನ ಬಾಯಿಗೆ ಕಡೆಯ ನೀರು ಬಿಟ್ಟವಳೂ ಪುಟ್ಟನಂಜಮ್ಮನೇ. ಆಗಲೂ ಬಾಯಿ ಬಿಡಲಿಲ್ಲ.

"ಅತ್ತೆ, ಸರಿ ತಣ್ಣಗಾಯ್ತು, ಮಗುವಿಗೆ ಹೊಟ್ಟೆನೋವು ಬರುತ್ತೆ," ಎಂದಳು ಸೊಸೆ ರಂಜಿನಿ. ಮೈಸೂರಿನಲ್ಲಿ ಓದಿದವಳು, ಕೂಸು ಸೀನಿದರೂ ಫೋನು ತಡಕುವವಳು.

"ನಿನ್ ಗಂಡನ್ನ ಫೋನು ಸಾಕ್ಲಿಲ್ಲ, ನಾನೇ ಸಾಕಿದ್ದು. ಸುಮ್ಕಿರು," ಎಂದ ಪುಟ್ಟನಂಜಮ್ಮ, ಮರುಗಳಿಗೆಯೇ ಬಟ್ಟಲು ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು.

ರಂಜಿನಿ ಅತ್ತೆಯ ತೊಡೆಯ ಮೇಲಿದ್ದ ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಯಾವ ಬೈಗುಳವೂ ಪುಟ್ಟನಂಜಮ್ಮನಿಗೆ ಅಷ್ಟು ತಟ್ಟುತ್ತಿರಲಿಲ್ಲ.

"ಊರೋರು ಯಾನಂದಾರು?"

"ಊರೋರು ಏನಾದ್ರೂ ಅನ್ಲಿ ಅತ್ತೆ. ಆ ಮಗುವಿನ ಅಮ್ಮನೇ ಕೇಳಿಸಿಕೊಳ್ಳೋಕೆ ಇಲ್ವಲ್ಲ."

"ಆ ಹೆಣ್ಮಗ ನನ್ನ ಬೈದಾಳು."

"ಬೈಬಹುದು," ಎಂದಳು ರಂಜಿನಿ, ಮೆಲ್ಲಗೆ. "ಅವರು ಕೊಟ್ಟುಹೋದ ನಂಬರ್ ಒತ್ತಿಕೊಡ್ಲಾ?"

ಆ ಕಡೆ ಭಾನುಪ್ರಿಯಾ ಎತ್ತಿದಳು. ಪುಟ್ಟನಂಜಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಗೆಟ್ಟವಾಡಿ ಪುಟ್ಟನಂಜಮ್ಮ ಕಣವ್ವ. ಅವತ್ತು ಸುಳ್ಳೇಳ್ಬುಟ್ಟೆ. ಆ ಮಗೀನ ಯಾರೂ ಬಿಸಾಕ್ಲಿಲ್ಲ. ಅವ್ರವ್ವನ ಎಸ್ರು ಸಣ್ಣಮ್ಮ. ಕ್ಯಾಮೆರಾ ತಕ್ಕೊಂಡು ಬತ್ತೀರಾ, ಇಲ್ಲ ಈಗ್ಲೇ ಎಲ್ಲಾನೂ ಯೋಳ್ಬುಡ್ಲಾ?"