ಶಾಮಲಾಳ ಇಬ್ಬರು ಹೆಣ್ಣುಮಕ್ಕಳು

ದೊಡ್ಡಬಳ್ಳಾಪುರದ ಶಾಮಲಾ ಹದಿನೈದನೇ ವಯಸ್ಸಿನಿಂದ ಪವರ್‌ಲೂಮ್ ನಡೆಸಿದವಳು. ಗಂಡ ರವಿಶಂಕರನೂ ಮಗ್ಗದವನೇ. ಮನೆಯ ಮುಂಭಾಗದಲ್ಲಿ ಎರಡು ಮಗ್ಗ, ಹಿಂದೆ ಸಂಸಾರ. ಚಿಕ್ಕ ಮಗಳು ಸಂಘಮಿತ್ರಳಿಗೆ ಹುಟ್ಟಿದ ಏಳನೇ ತಿಂಗಳಲ್ಲೇ ಥಲಸ್ಸೇಮಿಯಾ, ಮೈಯಲ್ಲಿ ಸಾಕಷ್ಟು ರಕ್ತ ಹುಟ್ಟದ ಕಾಯಿಲೆ, ಎಂದು ಗೊತ್ತಾಗಿತ್ತು. ಅಲ್ಲಿಂದ ಆರು ವರ್ಷ, ಮೂರು ವಾರಕ್ಕೊಮ್ಮೆ ಬೆಂಗಳೂರಿಗೆ ಕರೆದೊಯ್ದು ರಕ್ತ ಹಾಕಿಸುತ್ತಿದ್ದರು.

ದೊಡ್ಡ ಮಗಳು, ಹನ್ನೆರಡು ವರ್ಷದ ಪವಿತ್ರಳ ಅಸ್ಥಿಮಜ್ಜೆ ತಂಗಿಗೆ ಪೂರ್ತಿ ಹೊಂದುತ್ತದೆ ಎಂದು ತಿಳಿದ ದಿನ ಮನೆಯಲ್ಲಿ ಒಬ್ಬಟ್ಟು ಮಾಡಿದರು. ಮಜ್ಜೆ ತೆಗೆಯಲು ಸೊಂಟಕ್ಕೆ ಸೂಜಿ ಚುಚ್ಚಿಸಿಕೊಂಡ ಪವಿತ್ರ, "ಏನೂ ನೋವೇ ಆಗ್ಲಿಲ್ಲ" ಎಂದು ಸುಳ್ಳು ಹೇಳಿದಳು. ಆ ಮಜ್ಜೆಯನ್ನು ತಂಗಿಗೆ ಕಸಿ ಮಾಡಿದ ಹದಿನೇಳನೇ ದಿನ, ಅಕ್ಕನ ಕೋಶಗಳು ತಂಗಿಯ ಮೈಯಲ್ಲಿ ನೆಲೆ ನಿಂತವೆಂದು ಬೆಂಗಳೂರು ಆಸ್ಪತ್ರೆಯ ಡಾಕ್ಟರ್ ಪ್ರಮೋದಾ ಹೇಳಿದರು.

ಇಪ್ಪತ್ತಾರನೇ ದಿನ ಆಸ್ಪತ್ರೆಯಲ್ಲಿ ಶಾಮಲಾ ಕೈ ತೊಳೆಸುವಾಗ ಮಗುವಿನ ಅಂಗೈ ಕೆಂಪಗೆ ಕಂಡಿತು. ಸಂಜೆಗೆ ಅಂಗಾಲು, ಕಿವಿ. ಮಾರನೇ ದಿನದಿಂದ ಭೇದಿ, ದಿನಕ್ಕೆ ಹದಿನೈದು ಸಲ.

"ಅಕ್ಕನ ಕೋಶಗಳು ತಂಗಿ ಮೈಯನ್ನ ಹೊರಗಿನದು ಅಂದ್ಕೊಂಡು ಅದರ ಮೇಲೇ ಬಿದ್ದಿವೆ, ಶಾಮಲಾ. ಚರ್ಮ, ಕರುಳು ಎರಡಕ್ಕೂ ಏಟಾಗಿದೆ" ಎಂದರು ಡಾಕ್ಟರ್.

ಸ್ಟೀರಾಯ್ಡ್‌ನಿಂದ ಮುಖ ಊದಿಕೊಂಡಿತೇ ಹೊರತು ಭೇದಿ ನಿಲ್ಲಲಿಲ್ಲ. ಐದು ದಿನ ನೋಡಿ ಇನ್ನೊಂದು ಔಷಧಿ ಸೇರಿಸಿದರು.

ಫೋನಿನಲ್ಲಿ ವಿಷಯ ಕೇಳಿದ ಅತ್ತೆ ಅಂಜನಮ್ಮ, "ಅಕ್ಕನ ರಕ್ತ ತಂಗಿಗೆ ಆಗಿಬರ್ಲಿಲ್ಲ ಬಿಡು" ಎಂದುಬಿಟ್ಟರು. ಕೆಟ್ಟ ಮನಸ್ಸಿನಿಂದಲ್ಲ. ಆದರೆ ಊರಿನ ಮನೆಯಲ್ಲಿ ಅವರ ಪಕ್ಕದಲ್ಲೇ ಪವಿತ್ರ ಇದ್ದಳು. ಆವತ್ತಿನಿಂದ ಅವಳು ವಿಡಿಯೋ ಕಾಲ್‌ಗೆ ಬರಲಿಲ್ಲ. ತಟ್ಟೆಗೆ ಹಾಕಿದ ಊಟವೂ ಹಾಗೇ ಉಳಿಯತೊಡಗಿತು. ಭಾನುವಾರ ರವಿಶಂಕರ ಅವಳನ್ನು ಆಸ್ಪತ್ರೆಗೇ ಕರೆತಂದ.

"ನನ್ನಿಂದಾನೇ ಅಲ್ವೇನಮ್ಮ ಅವ್ಳಿಗೆ ಹಿಂಗಾಗಿದ್ದು?"

ಅಲ್ಲ ಎಂದು ಹೇಳಿಬಿಡಬಹುದಿತ್ತು. ಶಾಮಲಾ ಮಗಳನ್ನು ಹತ್ತಿರ ಕೂರಿಸಿಕೊಂಡಳು.

"ಸುಳ್ಳು ಹೇಳಲ್ಲ ಕಣೇ. ನಿನ್ ಕೋಶಗಳೇ ಹಿಂಗೆ ಮಾಡ್ತಿರೋದು. ಅದೇ ಕೋಶಗಳಿಂದ ಎರಡು ವಾರ ಆಯ್ತು, ಬೇರೆಯವ್ರ ರಕ್ತಾನೂ ಬೇಕಾಗಿಲ್ಲ ಅವ್ಳಿಗೆ. ಎರಡೂ ನಿಜ. ಆದ್ರೆ ತಪ್ಪು ಮಾತ್ರ ನಿಂದಲ್ಲ."

ಪವಿತ್ರ ಅಮ್ಮನ ಸೆರಗಿನಲ್ಲಿ ಮುಖ ಒತ್ತಿ ಅತ್ತಳು. ಸೋಂಕು ತಗುಲದಂತೆ ಇಟ್ಟಿದ್ದ ಕೋಣೆಯ ಗಾಜಿನಾಚೆಯಿಂದ ಸಂಘಮಿತ್ರ ಎರಡೂ ಕೈ ಎತ್ತಿ ತೋರಿಸಿ ಫೋನಿನಲ್ಲಿ, "ಅಕ್ಕಾ, ನೋಡೇ, ಆಲೂಗಡ್ಡೆ ಥರ ಸಿಪ್ಪೆ ಬಿಡ್ತಿದೆ!" ಎಂದು ಜಂಬದಿಂದ ಹೇಳಿದಳು.

ಭೇದಿ ನಿಲ್ಲಲು ಮೂರು ವಾರ ಹಿಡಿಯಿತು. ಎಪ್ಪತ್ತನೇ ದಿನ ಡಿಸ್ಚಾರ್ಜ್. ಮಗ್ಗದ ಮನೆಯ ಧೂಳು ಮಗುವಿಗೆ ಒಗ್ಗದೆಂದು ಶಾಮಲಾ ಅವಳೊಂದಿಗೆ ತೂಬಗೆರೆಯ ತವರಿಗೆ ಹೋದಳು. ತಾಯಿ ಲಕ್ಕಮ್ಮ ಬಿಸಿಲು ಬರುವ ಕೋಣೆ ಬಿಟ್ಟುಕೊಟ್ಟರು. ಅಲ್ಲಿಂದ ಒಂದು ವರ್ಷವಾಯಿತು, ಶಾಮಲಾ ಮಗ್ಗ ಮುಟ್ಟಿಲ್ಲ.

ಈಗ ಸಂಘಮಿತ್ರಳಿಗೆ ರಕ್ತ ಹಾಕಿಸಬೇಕಾಗಿಲ್ಲ. ಆದರೆ ಅದೇ ಕೋಶಗಳ ಏಟಿಗೆ ಮೊಣಕೈ ಚರ್ಮ ಬಿಗಿದುಕೊಂಡಿದೆ, ತೋಳು ಪೂರ್ತಿ ಚಾಚಲಾಗದು. ಸಡಿಲವಾಗಬಹುದು, ಆಗದೆಯೂ ಇರಬಹುದು ಎನ್ನುತ್ತಾರೆ ಡಾಕ್ಟರ್. ದಿನಾ ಬೆಳಿಗ್ಗೆ ಶಾಮಲಾ ಕೊಬ್ಬರಿ ಎಣ್ಣೆ ಹಚ್ಚಿ ತೋಳು ನೀವಿ ಎಳೆಯುತ್ತಾಳೆ. ಅಪ್ಪನ ಬಳಿ ಇರುವ ಪವಿತ್ರ ರಜೆಯಲ್ಲಿ ಬಂದರೆ ಆ ಕೆಲಸ ಅವಳದು.

ಮಗಳಿಗೆ ವಾಸಿಯಾಯಿತಾ ಎಂದು ಊರವರು ಕೇಳಿದರೆ ಶಾಮಲಾ ಹೌದು ಎನ್ನುವುದಿಲ್ಲ. "ಸ್ಕೂಲಿಗೆ ಹೋಗ್ತಾವ್ಳೆ" ಎನ್ನುತ್ತಾಳೆ.