ಬ್ಲೀಚಿಂಗ್ ನೀರು ಸೋಕಿದ ಲ್ಯಾಪ್‌ಟಾಪ್

ತಂಗಿಯ ಲ್ಯಾಪ್‌ಟಾಪ್ ಕೆಟ್ಟದ್ದು ನನ್ನಿಂದ ಎಂದು ಮೊದಲ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಅವ್ವ ಅವಳನ್ನು ಬೈಯುವಾಗ ಸೊಪ್ಪು ಕುಯ್ಯುವ ನೆಪ ಮಾಡಿ ತೋಟಕ್ಕೆ ಹೋಗಿಬಿಡುತ್ತಿದ್ದೆ.

ನಮ್ಮದು ಚನ್ನಪಟ್ಟಣದ ಹತ್ತಿರ ಹೊಂಗನೂರು. ರೇಷ್ಮೆ ಹುಳು ಸಾಕುತ್ತೇವೆ. ಹುಳುವಿನ ಮನೆಯೊಳಕ್ಕೆ ಏನೇ ಹೋದರೂ, ಕಾಲಾಗಲಿ ಕುಕ್ಕೆಯಾಗಲಿ, ಬ್ಲೀಚಿಂಗ್ ನೀರು ಸೋಕಿಸದೆ ಬಿಡುವುದಿಲ್ಲ. ಹೊರಗಿನ ರೋಗ ಹೊಕ್ಕರೆ ಬೆಳೆಯೇ ಹೋಗುತ್ತದೆ. ಆ ಸಲ ಹುಳು ಒಂದು ದಪ್ಪ, ಒಂದು ಸಣ್ಣ ಆಗಿದ್ದವು. ಹುಳುವನ್ನು ಪಕ್ಕದಲ್ಲಿಟ್ಟುಕೊಂಡೇ ರೋಗದ ವಿಡಿಯೊ ನೋಡೋಣವೆಂದು, ತಂಗಿ ಪೇಟೆಗೆ ಹೋಗಿದ್ದಾಗ ಅವಳ ಲ್ಯಾಪ್‌ಟಾಪ್ ತೆಗೆದುಕೊಂಡೆ. ಒಳಗೆ ಒಯ್ಯುವ ಮೊದಲು ಬ್ಲೀಚಿಂಗ್ ನೀರಲ್ಲಿ ಅದ್ದಿದ ಬಟ್ಟೆಯಿಂದ ಮೇಲೂ ಕೆಳಗೂ ಚೆನ್ನಾಗಿ ಒರೆಸಿದೆ. ತಳದ ಸಣ್ಣ ಕಂಡಿಗಳಲ್ಲಿ ನೀರು ಇಳಿದದ್ದು ಕಂಡಿತು. ವಿಡಿಯೊ ಕೈಬಿಟ್ಟು, ನೆರಳಲ್ಲಿ ಒಣಗಿಸಿ, ಇದ್ದ ಜಾಗದಲ್ಲೇ ಇಟ್ಟೆ. ನಾನು ಓದಿದ್ದು ಏಳನೇ ಕ್ಲಾಸು. ಒಣಗಿದ ಮೇಲೆ ಏನಾಗುತ್ತದೆ ಅಂದುಕೊಂಡೆ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅದರಲ್ಲಿ ವೈಫೈ ಇಲ್ಲವಾಯಿತು. ಅವತ್ತೇ ತಂಗಿ ಒಂದು ಕಂಪನಿಯವರ ಮುಂದೆ ಆನ್‌ಲೈನಿನಲ್ಲಿ ಮಕ್ಕಳಿಗೆ ಲೆಕ್ಕದ ಪಾಠ ಮಾಡಿ ತೋರಿಸಬೇಕಿತ್ತು. ಅವರಿಗೆ ಒಪ್ಪಿಗೆಯಾದರೆ ಮನೆಯಲ್ಲೇ ಕೂತು ಪಾಠ ಹೇಳುವ ಕೆಲಸ. ಮೊಬೈಲ್ ಸಿಗ್ನಲ್ ನಮ್ಮ ಮನೆಯೊಳಗೆ ನಿಲ್ಲುವುದಿಲ್ಲ. ಬೇಡಿಕೊಂಡು ಪಾಠವನ್ನು ಎರಡು ದಿನ ಮುಂದಕ್ಕೆ ಹಾಕಿಸಿಕೊಂಡಳು.

"ವೈಫೈ ಹಿಡಿಯೋ ಕಾರ್ಡೇ ಇಲ್ಲ ಅಂತೈತೆ ಇದು," ಅಂದಳು.

"ಒಳಗಿದ್ದದ್ದು ಎದ್ದು ಹೋಯ್ತಾ?" ಅಂದೆ, ಏನೂ ಅರಿಯದವನ ಹಾಗೆ.

"ಐತೆ ಕಣಣ್ಣ. ಇದ್ರ ಕಣ್ಣಿಗೆ ಬೀಳ್ತಿಲ್ಲ ಅಷ್ಟೆ."

ಅವ್ವ ಅಡುಗೆಮನೆಯಿಂದಲೇ ಶುರುಮಾಡಿದಳು. "ಮೊನ್ನೆ ಅದೇನೋ ಅಪ್‌ಡೇಟು ಅಂತ ಹಾಕ್ತಾ ಕುಂತಿದ್ದೆಯಲ್ಲಮ್ಮಿ! ಚೆನ್ನಾಗಿರೋದ್ನ ಕೆಡಿಸ್ಕೊಂಡೆ. ಇನ್ನೇನು, ಒಲೆ ಮೇಲಿಟ್ಟು ರೊಟ್ಟಿ ಬೇಯ್ಸು."

"ಹೂಂ ಕಣವ್ವ, ನಂದೇ ತಪ್ಪಿರ್ಬೇಕು," ಅಂದಳು ತಂಗಿ.

ಆಗಲೂ ನಾನು ಬಾಯಿ ಬಿಡಲಿಲ್ಲ. ಆದರೆ ಅವಳು ಕೆಲಸ ಮಾಡುವುದನ್ನು ನೋಡುತ್ತಾ ನಿಂತೆ. ಹುಳುವಿಗೆ ಏನಾದರೂ ಆದರೆ ನಾನು ಸೊಪ್ಪು, ತಟ್ಟೆ, ಔಷಧಿ ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿ ದೇವರಿಗೆ ಕೈಮುಗಿಯುತ್ತೇನೆ. ಅವಳು ಹಾಗಲ್ಲ. ಅಪ್‌ಡೇಟ್ ತೆಗೆದು ನೋಡಿದಳು, ಆಗಲಿಲ್ಲ. ಕಾರ್ಡ್ ನಡೆಸುವ ಸಾಫ್ಟ್‌ವೇರನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದಳು, ಅದೂ ಆಗಲಿಲ್ಲ.

"ಎಲ್ಲಾ ಒಂದೇ ಸಲ ಮಾಡ್ಬಾರ್ದಾ?" ಅಂದೆ.

"ಹಂಗ್ ಮಾಡಿದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಹೆಂಗ್ ಗೊತ್ತಾಯ್ತದೆ? ಒಸಿ ತಾಳ್ಮೆ ಇರ್ಬೇಕು ಅಣ್ಣ."

ಕೊನೆಗೆ ಪೇಟೆಯಿಂದ ಸಣ್ಣ ಸ್ಕ್ರೂಡ್ರೈವರ್ ತಂದು, ಪಾಠದ ದಿನ ಬೆಳಿಗ್ಗೆ ತಳ ಬಿಚ್ಚಿದಳು. ಬಿಚ್ಚಿದ ಸ್ಕ್ರೂಗಳನ್ನು ಅವು ಇದ್ದ ಕ್ರಮದಲ್ಲೇ ಹಾಳೆಯ ಮೇಲೆ ಜೋಡಿಸಿದಳು. ಬ್ಯಾಟರಿಯ ವೈರು ಕಳಚಿದಳು. ಆಮೇಲೆ ಉಗುರಿನ ತುದಿಯಲ್ಲಿ ಒಂದು ಪುಟ್ಟ ಕಾರ್ಡ್ ಎಬ್ಬಿಸಿದಳು. ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಬಿಳಿ, ಹಸಿರು ಪೊರೆ ಕಟ್ಟಿತ್ತು. ನಾನು ಟಾರ್ಚ್ ಹಿಡಿದಿದ್ದೆ. ಆ ಬಿಳಿ ಯಾವುದೆಂದು ನನಗೆ ಗೊತ್ತು.

"ಮಳೆಗಾಲದ ಥಂಡಿ ಹೊಕ್ಕೈತೆ. ಬಟ್ಟೆ ಸುತ್ತಿ ಇಡ್ಬೇಕಿತ್ತು ನಾನು," ಅಂದಳು. ರಬ್ಬರಿನಿಂದ ಮೆಲ್ಲಗೆ, ಹುಳುವಿನ ಮೈ ಮುಟ್ಟುವಷ್ಟು ಮೆಲ್ಲಗೆ ಉಜ್ಜಿ, ಬ್ರಶ್ಶಿನಲ್ಲಿ ಒರೆಸಿ, ಕಾರ್ಡನ್ನು ಮತ್ತೆ ಕೂರಿಸಿದಳು. ಲ್ಯಾಪ್‌ಟಾಪ್ ಹೊತ್ತಿಕೊಂಡಿತು. ವೈಫೈ ಗುರುತು ಬಂತು. ಅವಳು ಕುಣಿಯಲಿಲ್ಲ, ಕೂಗಲಿಲ್ಲ. "ಬಂತು," ಅಂದು ಸ್ಕ್ರೂ ಹಾಕತೊಡಗಿದಳು. ಇಂಥವಳು ನನ್ನ ತಂಗಿ ಎಂದು ಎದೆ ಉಬ್ಬಿತು. ಬದುಕಿಕೊಂಡೆ ಅಂತಲೂ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ ಅವಳು ಪಾಠಕ್ಕೆ ಕೂತಾಗ ಬಾಗಿಲಾಚೆ ನಿಂತು ಕೇಳಿದೆ. ಆ ಕಡೆಯಿಂದ ಕಂಪನಿಯವರೊಬ್ಬರು, ಪಾಠ ಯಾಕೆ ಮುಂದಕ್ಕೆ ಹೋಯಿತು ಎಂದು ವಿಚಾರಿಸಿದರು. "ನನ್ನ ಅಜಾಗರೂಕತೆ ಸಾರ್. ಲ್ಯಾಪ್‌ಟಾಪನ್ನ ಸರಿಯಾಗಿ ನೋಡಿಕೊಳ್ಳಲಿಲ್ಲ. ಕ್ಷಮಿಸಿ," ಅಂದಳು. ಆಮೇಲೆ ಭಿನ್ನರಾಶಿಯನ್ನು ಹೇಳಿಕೊಟ್ಟಳು ನೋಡಿ, ಶಾಲೆ ಬಿಟ್ಟ ನನಗೂ ಅರ್ಥವಾಯಿತು. ಆದರೆ ನನ್ನ ತಪ್ಪಿಗೆ ಅವಳು ಕೇಳಿದ ಕ್ಷಮೆ ಕಿವಿಯಿಂದ ಹೋಗಲಿಲ್ಲ.

ಪಾಠ ಮುಗಿದು ಲ್ಯಾಪ್‌ಟಾಪ್ ಮುಚ್ಚಿದಳು. ಅವ್ವನನ್ನೂ ಕರೆದು ಕೂರಿಸಿದೆ.

"ಥಂಡಿ ಅಲ್ಲ ಕಣಮ್ಮಿ, ನಿನ್ನ ಅಪ್‌ಡೇಟೂ ಅಲ್ಲ. ಹುಳಿನ ಮನೆಗೆ ತಗೊಂಡೋಗಕ್ಕೆ ಅಂತ ಬ್ಲೀಚಿಂಗ್ ನೀರಲ್ಲಿ ಒರೆಸ್ದೋನು ನಾನು. ಅವ್ವ ನಿನ್ನ ಬೈಯ್ತಿದ್ರೂ ಬಾಯಿ ಮುಚ್ಕೊಂಡಿದ್ದೆ. ತಪ್ಪಾಯ್ತು, ನನ್ನ ಕ್ಷಮಿಸ್ಬುಡು."